ಇಂಗ್ಲಿಷ್ ಮುಗಿದ ಶಾಲೆ

ನಾನು ಮಾಡೋ ಕೆಲಸ ಏನು ಅಂತ ನನ್ನ ಹೆಂಡತಿಗೆ ಇವತ್ತಿಗೂ ಅರ್ಥ ಆಗಿಲ್ಲ. ಬೆಳಿಗ್ಗೆ ಮನೆಯಿಂದ ಸ್ಕೂಟರ್ ಹತ್ತಿ ಗುಬ್ಬಿ ತಾಲ್ಲೂಕಿನ ಶಾಲೆಗಳನ್ನ ಸುತ್ತೋದು. ಆರು, ಏಳು, ಎಂಟನೇ ಕ್ಲಾಸಿನ ಮಕ್ಕಳು ಇಂಗ್ಲಿಷ್‌ನಲ್ಲಿ ಏನೇನು ಕಲೀಬೇಕು ಅಂತ ಒಂದು ಪಟ್ಟಿ ಇದೆ, ಕಲಿಕಾ ಫಲ ಅಂತಾರೆ. ಅದರಲ್ಲಿ ಯಾವುದು ಪಾಠ ಆಗಿದೆ ಅಂತ ನೋಡಿ ಮೊಬೈಲಲ್ಲಿ ಒತ್ತಬೇಕು. ಆಗಿದ್ರೆ ಹಸಿರು, ಆಗದಿದ್ರೆ ಕೆಂಪು. ಮಕ್ಕಳಿಗೆ ಬಂತಾ ಅಂತ ಒತ್ತೋಕೆ ಜಾಗ ಇಲ್ಲ.

"ಅಂದ್ರೆ ನೀವು ಪಾಠ ಮಾಡಲ್ಲ, ಮಾಡೋರನ್ನ ನೋಡ್ಕೊಂಡು ಬರ್ತೀರಾ" ಅಂತಾಳೆ. ಹೌದು ಕಣೇ ಅಂತೀನಿ. ಇಂಥ ಕೆಲಸದಲ್ಲಿ ನಗೋ ಪ್ರಸಂಗಕ್ಕೆ ಕೊರತೆ ಇಲ್ಲ. ನಗೋ ಚೈತನ್ಯಕ್ಕೆ ಇದೆ.

ಎಲ್ಲಾ ಆಗಿದೆ ಸಾ

ಒಂದು ಶಾಲೆ. ಇಂಗ್ಲಿಷಿಗೆ ಅಂತ ಯಾರೂ ಇಲ್ಲ. ಹೆಡ್‌ಮಾಸ್ಟರೇ ಗಣಿತ, ವಿಜ್ಞಾನ, ಹಾಲಿನ ಪುಡಿ, ಮೊಟ್ಟೆ ಎಲ್ಲಾ ನೋಡ್ಕೊಂಡು, ಟೈಮ್ ಉಳಿದ್ರೆ ಇಂಗ್ಲಿಷ್.

"ಪದ್ಯ?"

"ಆಗಿದೆ ಸಾ."

"ಪತ್ರ ಬರೆಯೋದು?"

"ಅದೂ ಆಗಿದೆ."

"ಸಂಭಾಷಣೆ?"

"ಎಲ್ಲಾ ಆಗಿದೆ ಬುಡಿ ಸಾ, ಹಸಿರು ಒತ್ತಿ."

ಮುಂದಿನ ಬೆಂಚಿನ ಮಗೂಗೆ ನಿನ್ನ ಹೆಸರೇನು ಅಂತ ಇಂಗ್ಲಿಷಲ್ಲಿ ಕೇಳ್ದೆ. ಅದು ಹೆಡ್‌ಮಾಸ್ಟರ ಮುಖ ನೋಡ್ತು. ಹೆಡ್‌ಮಾಸ್ಟರು ಫ್ಯಾನ್ ನೋಡಿದ್ರು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು, "ನೀವು ಬಂದಾಗ ಮರ್ತು ಹೋಗ್ತವೆ ಸಾ. ನೀವು ಬರ್ದೇ ಇದ್ದಾಗ ಬಹಳ ಚೆನ್ನಾಗಿ ಮಾತಾಡ್ತವೆ" ಅಂದ್ರು.

ತೋಟದಲ್ಲೇ ಎಲ್ಲಾ ಶಾಲೆ

ಹಸಿರು ಒತ್ತಿದ್ರೆ ಸಾಲದು, ನೆಟ್‌ವರ್ಕ್ ಸಿಕ್ಕಿದಾಗಲೇ ಅದು ಮೇಲಕ್ಕೆ ಹೋಗೋದು. ನಮ್ಮ ಕಡೆ ನೆಟ್‌ವರ್ಕ್ ಚೆನ್ನಾಗಿ ಸಿಗೋದು ಒಂದೇ ಕಡೆ, ದಾರೀಲಿರೋ ಒಂದು ತೆಂಗಿನ ತೋಟದ ಪಂಪ್‌ಸೆಟ್ ಮನೆ ಹತ್ರ. ಸಂಜೆ ಅಲ್ಲಿ ನಿಂತು ಎಲ್ಲಾ ಶಾಲೆದೂ ಕಳಿಸ್ತಿದ್ದೆ.

ಒಂದಿನ ಮೇಲಿನ ಸಾಹೇಬ್ರು ಫೋನ್ ಮಾಡಿದ್ರು. "ಏನ್ರೀ, ನಿಮ್ಮ ಎಲ್ಲಾ ಶಾಲೆನೂ ಒಂದೇ ತೋಟದಲ್ಲಿದೆ ಅಂತ ಮ್ಯಾಪಲ್ಲಿ ತೋರಿಸ್ತಾ ಇದೆ?"

ಇದ್ದದ್ದು ಹೇಳ್ದೆ. ಎಲ್ಲಾ ಕೇಳಿಸ್ಕೊಂಡು, "ಹಾಜರಾತಿ ಹೇಗಿದೆ ಅಲ್ಲಿ?" ಅಂದ್ರು.

ಅಟೆನ್ಷನ್ ಪ್ಲೀಸ್

ಸಿ.ಎಸ್. ಪುರದ ಕಡೆ ಇನ್ನೊಂದು ಶಾಲೆ. ಅಲ್ಲಿ ಇಂಗ್ಲಿಷಿಗೆ ಅತಿಥಿ ಶಿಕ್ಷಕಿ ಒಬ್ಬರಿದ್ರು, ಮಕ್ಕಳು ಮಿಸ್ ಅಂತಿದ್ವು, ನಾನೂ ಹಾಗೇ ಅಂತಿದ್ದೆ. ಕುಣಿಗಲ್‌ನವರು. ತಂದೆದು ಟೈಲರ್ ಅಂಗಡಿ, ಕಣ್ಣು ಮಂಜಾಗಿ ಈಗ ಸೂಜಿಗೆ ದಾರನೂ ಪೋಣಿಸೋಕಾಗಲ್ಲ. ಮನೆ ನಡೀತಿದ್ದದ್ದು ಮಗಳ ಈ ಕೆಲಸದಿಂದ. ಅದೂ ಯಾವಾಗ ಬೇಕಾದ್ರೂ ತೆಗೀಬಹುದಾದ ಕೆಲಸ.

ಪಟ್ಟೀಲಿ ಒಂದು ಸಾಲಿದೆ: ರೈಲ್ವೆ ಸ್ಟೇಷನ್ ಥರದ ಸಾರ್ವಜನಿಕ ಸ್ಥಳದಲ್ಲಿ ಇಂಗ್ಲಿಷ್ ಪ್ರಕಟಣೆ ಕೇಳಿ ಅದರಂತೆ ನಡೆಯುವುದು. ಎಲ್ಲಾ ಶಾಲೆಯವರೂ ಕಣ್ಮುಚ್ಚಿ ಹಸಿರು ಹಾಕ್ಸಿದ್ರು. ಮಿಸ್ ಒಬ್ಬರೇ, "ಕೇಳಿಸದೆ ಹೇಗೆ ಸಾ ಹಸಿರು ಮಾಡ್ಸೋದು?" ಅಂದ್ರು. ಲಗೇಜ್ ಆಟೋ ಮಾಡ್ಕೊಂಡು ಮಕ್ಕಳನ್ನ ರೈಲ್ವೆ ಸ್ಟೇಷನ್‌ಗೇ ಕರ್ಕೊಂಡು ಹೋದ್ರು. ನಾನೂ ಹಿಂದೆ ಸ್ಕೂಟರಲ್ಲಿ ಹೋದೆ.

ರೈಲು ಲೇಟು. ಸ್ಪೀಕರಿನ ಹೆಂಗಸು ಬಿಡದೆ ವಿಷಾದಿಸ್ತಾ ಇದ್ಲು. ಮಕ್ಕಳು ಬಾಯಿ ಬಿಟ್ಕೊಂಡು ಕೇಳಿದ್ವು.

ಮಾರನೇ ದಿನದಿಂದ ಶಾಲೆಯೇ ಸ್ಟೇಷನ್ ಆಯ್ತು. ಎಂಟನೇ ಕ್ಲಾಸಿನ ಒಬ್ಳು ಹುಡುಗಿ ಆ ದನಿ ಹಾಗೇ ತೆಗೀತಿದ್ಲು. ಮಧ್ಯಾಹ್ನದ ಊಟ ತಡ ಆದ್ರೆ ಲೋಟ ಬಾಯಿಗಿಟ್ಕೊಂಡು, "ಯುವರ್ ಅಟೆನ್ಷನ್ ಪ್ಲೀಸ್. ಸಾಂಬಾರ್ ಈಸ್ ರನ್ನಿಂಗ್ ಲೇಟ್. ದಿ ಇನ್‌ಕನ್ವೀನಿಯನ್ಸ್ ಈಸ್ ಡೀಪ್ಲಿ ರಿಗ್ರೆಟೆಡ್."

ಅಡುಗೆ ಅಮ್ಮ ಸೌಟು ಹಿಡ್ಕೊಂಡೇ ಬಂದ್ರು. "ಏನ್ಲೇ, ಇಂಗ್ಲಿಷಲ್ಲಿ ಬೈತೀಯಾ ನನ್ನ? ಧೈರ್ಯ ಇದ್ರೆ ಕನ್ನಡದಲ್ಲಿ ಬಯ್ಯೇ."

ಹಸಿರಿಗೆ ಸಿಕ್ಕ ಬಹುಮಾನ

"ಎಲ್ಲಾ ಹಸಿರಾದ್ರೆ ನಿಮ್ಮನ್ನ ಯಾರೂ ಅಲುಗಾಡಿಸಲ್ಲ ಮಿಸ್" ಅಂತ ನಾನೇ ಹೇಳಿದ್ದೆ. ಹಾಗೇ ನಂಬಿದ್ದೆ ಕೂಡ. ಸಂಕ್ರಾಂತಿ ಹೊತ್ತಿಗೆ ಆ ಶಾಲೆ ಪೂರ್ತಿ ಹಸಿರಾಯ್ತು. ನಾನು ಕಂಡ ಹಾಗೆ ನಿಜವಾದ ಹಸಿರು ಅದೊಂದೇ.

ಮೀಟಿಂಗಲ್ಲಿ ಸಾಹೇಬ್ರು ಪರದೆ ಮೇಲೆ ಅದನ್ನ ತೋರಿಸಿ ಚಪ್ಪಾಳೆ ಹೊಡಿಸಿದ್ರು. ನನಗೂ ಹಿಗ್ಗು. ಚಪ್ಪಾಳೆ ನಿಂತ ಮೇಲೆ, "ಇಲ್ಲಿ ಇಂಗ್ಲಿಷ್ ಮುಗಿದಿದೆ. ಇನ್ನು ಅತಿಥಿ ಶಿಕ್ಷಕಿ ಯಾಕೆ? ಆ ಹುದ್ದೆ ಕೆಂಪಿರೋ ಶಾಲೆಗೆ ಹಾಕಿ, ಆ ಊರಿನವರನ್ನೇ ತಗೊಳ್ಳಿ" ಅಂದ್ರು.

ನಾನು ಎದ್ದು ನಿಂತೆ. "ಸಾ, ಜೂನ್‌ಗೆ ಹೊಸ ಮಕ್ಕಳು ಬರ್ತವೆ. ಅವಕ್ಕೆ ಏನೂ ಬಂದಿರಲ್ಲ."

"ಆಗ ಕೆಂಪಾಗುತ್ತಲ್ರೀ, ಆಗ ಕೊಡೋಣ" ಅಂದ್ರು.

ಎಲ್ಲರೂ ನಕ್ಕರು. ನಾನು ಕೂತ್ಕೊಂಡೆ. "ಎಲ್ಲಾ ಆಗಿದೆ" ಅಂದ ಹೆಡ್‌ಮಾಸ್ಟರೂ ನನ್ನ ಪಕ್ಕದಲ್ಲೇ ಕೂತಿದ್ರು. ಅವರ ಶಾಲೆನೂ ಹಸಿರೇ, ಆದ್ರೆ ಕಳ್ಕೊಳ್ಳೋಕೆ ಅಲ್ಲಿ ಯಾರೂ ಇರಲಿಲ್ಲ.

ಈ ಸುದ್ದಿ ಮಿಸ್‌ಗೆ ಹೇಳೋ ಕರ್ಮನೂ ನನ್ನದೇ. ಅವರು ಬೋರ್ಡ್ ಒರೆಸ್ತಾ ಇದ್ರು. ಮಕ್ಕಳೆಲ್ಲಾ ಕ್ಲಾಸಲ್ಲೇ ಇದ್ವು. ಕೇಳಿಸ್ಕೊಂಡು, ಡಸ್ಟರ್ ಕೆಳಗಿಟ್ಟು, "ಒಂದನ್ನಾದ್ರೂ ಕೆಂಪಾಗಿ ಇಟ್ಕೋಬೇಕಾಗಿತ್ತು ಅಲ್ವಾ ಸಾ?" ಅಂದ್ರು. ನಗ್ತಾನೇ ಅಂದ್ರು. ನನಗೆ ಅವರ ಮುಖ ನೋಡೋಕಾಗಲಿಲ್ಲ.

ಕುಣಿಗಲ್ ಬಸ್ಸು

ಕೊನೆ ದಿನ ಮಿಸ್‌ನ ಬಿಡೋಕೆ ಮಕ್ಕಳೆಲ್ಲಾ ಬಸ್‌ಸ್ಟಾಪಿಗೆ ಬಂದಿದ್ವು. ಅಡುಗೆ ಅಮ್ಮನೂ ಬಂದಿದ್ರು. ಬಸ್ಸು ಬಂದು ನಿಂತ ತಕ್ಷಣ ಆ ಹುಡುಗಿ ಕಲ್ಲುಬೆಂಚು ಹತ್ತಿ ಲೋಟ ಬಾಯಿಗಿಟ್ಲು.

"ಯುವರ್ ಅಟೆನ್ಷನ್ ಪ್ಲೀಸ್. ಬಸ್ ಟು ಕುಣಿಗಲ್ ಈಸ್ ಕ್ಯಾನ್ಸಲ್ಡ್. ಮಿಸ್ ಈಸ್ ರಿಕ್ವೆಸ್ಟೆಡ್ ಟು ಗೋ ಬ್ಯಾಕ್ ಟು ಕ್ಲಾಸ್."

ಬಸ್ಸಲ್ಲಿದ್ದೋರೆಲ್ಲಾ ಕಿಟಕೀಲಿ ತಲೆ ಹಾಕಿದ್ರು. ಒಬ್ಬ ಅಜ್ಜ ನಿಜ ಅಂದ್ಕೊಂಡು ಚೀಲ ಸಮೇತ ಇಳಿದೇ ಬಿಟ್ಟ. ಕಂಡಕ್ಟರ್ ಅವನನ್ನ ವಾಪಸ್ ಹತ್ತಿಸ್ತಾ, "ಯಾರು ಸಾ ನನ್ನ ಬಸ್ ಕ್ಯಾನ್ಸಲ್ ಮಾಡಿದ್ದು?" ಅಂತ ನನ್ನ ಮೇಲೇ ಬಂದ.

"ಬಸ್ಸಲ್ಲಪ್ಪ, ಕ್ಯಾನ್ಸಲ್ ಆಗಿರೋದು ಮಿಸ್ಸು" ಅಂದೆ.

ಮಿಸ್ ಜೋರಾಗಿ ನಕ್ಕರು. ನಗ್ತಾ ನಗ್ತಾ ದುಪಟ್ಟಾ ಬಾಯಿಗೆ ಒತ್ಕೊಂಡು ಬಸ್ ಹತ್ತಿದ್ರು, ತಿರುಗಿ ನೋಡಲಿಲ್ಲ. ಬಸ್ಸು ಹೋಯ್ತು. ಅಡುಗೆ ಅಮ್ಮ ಸೆರಗಲ್ಲಿ ಕಣ್ಣು ಒರೆಸ್ಕೊಂಡ್ರು.

ಹುಡುಗಿ ಬೆಂಚಿಂದ ಇಳಿದು ನನ್ನ ಹತ್ರ ಬಂದ್ಲು. ಅಳ್ತಾ ಇರಲಿಲ್ಲ, ಸಿಟ್ಟಲ್ಲಿದ್ಲು.

"ನಾನು ಸರಿಯಾಗೇ ಹೇಳ್ದೆ ಅಲ್ವಾ ಸಾ?"

"ಹೂಂ ಕಣಮ್ಮ, ಬಹಳ ಸರಿಯಾಗಿ ಹೇಳ್ದೆ."

"ಮಿಸ್ಸೂ ಕೇಳಿಸ್ಕೊಂಡ್ರು. ಆದ್ರೆ ಅದರಂತೆ ನಡೀಲಿಲ್ಲ." ಲೋಟದಿಂದ ನನ್ನ ಮೊಬೈಲ್ ತೋರಿಸಿದ್ಲು. "ಕೆಂಪು ಒತ್ತಿ ಸಾ."