ಎರಡು ಎಂಜಿನ್ನಿನ ರೈಲು

ರಗಳೆ ಶುರುವಾದದ್ದು ಎರಡನೆಯ ಮೋಟಾರಿನಿಂದ. ಮೊದಲನೆಯ ಮೋಟಾರು, ಪಾಪ, ಯಾರ ತಂಟೆಗೂ ಹೋಗಿರಲಿಲ್ಲ.

ರಾಯರಿಗೆ ಪೇಟೆಬೀದಿಯಲ್ಲಿ ಕನ್ನಡಕದ ಅಂಗಡಿ. ಬಂದವರ ಮೂಗಿನ ಮೇಲೆ ಗಾಜು ಬದಲಿಸಿ ಬದಲಿಸಿ ಇಟ್ಟು, "ಈಗ ಚೆನ್ನಾಗಿ ಕಾಣತ್ತಾ, ಮೊದಲು ಚೆನ್ನಾಗಿತ್ತಾ?" ಎಂದು ಕೇಳುವುದು ಅವರ ಕಸುಬು. ಭಾನುವಾರ ಮಾತ್ರ ಅವರು ರೈಲ್ವೆಯವರು. ಒಂದಕ್ಕೊಂದು ಒತ್ತಿ ಕೂರಿಸುವ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಕಟ್ಟುವ ಆಟಿಕೆ ರೈಲುಗಳೆಂದರೆ ಅವರಿಗೆ ಪ್ರಾಣ. ಹೊಸದು, ಹಳೆಯದು, ಯಾರದೋ ಮಕ್ಕಳು ಆಡಿ ಬಿಟ್ಟದ್ದು, ಚಕ್ರವಿಲ್ಲದ್ದು, ಚಕ್ರ ಮಾತ್ರ ಉಳಿದದ್ದು, ಎಲ್ಲವನ್ನೂ ತಂದು ತಂದು ಮನೆಯ ಚಿಕ್ಕ ರೂಮನ್ನು ತುಂಬಿಸಿದ್ದರು. ಹೆಂಡತಿ ಕಸ ಗುಡಿಸಲು ಒಳಗೆ ಬಂದರೂ "ಮುಟ್ಟಬೇಡ, ಮುಟ್ಟಬೇಡ" ಎಂದು ಪೊರಕೆಯ ಹಿಂದೆಯೇ ಸುತ್ತುತ್ತಿದ್ದರು.

ಸಂಗ್ರಹವೇನೋ ಬೆಳೆಯಿತು. ಆದರೆ ರೈಲು ಅಂದಮೇಲೆ ಓಡಬೇಕಲ್ಲ? ಕೈಯಿಂದ ತಳ್ಳಿ ತಳ್ಳಿ ಬೇಸತ್ತ ರಾಯರು ಒಂದು ಮೋಟಾರು ತರಿಸಿ, ಅಚ್ಚುಮೆಚ್ಚಿನ ಕೆಂಪು ಎಂಜಿನ್ನಿನ ಹೊಟ್ಟೆಯೊಳಗೆ ಕೂರಿಸಿದರು. ಎಂಜಿನ್ ಒಂಟಿಯಾಗಿ ಚೆನ್ನಾಗಿ ಓಡಿತು. ಹಿಂದೆ ಬೋಗಿಗಳನ್ನು ಸಿಕ್ಕಿಸಿದ್ದೇ ತಡ, ಹೊಟ್ಟೆ ಬಿರಿಯ ಉಂಡವರ ಹಾಗೆ ಕೂತಲ್ಲೇ ಕೂತಿತು. ಬೋಗಿಗಳು ಒಂದೊಂದೂ ಕಲ್ಲಿನಂತೆ ಭಾರ.

ಆಗಲೇ ಟೀಚರು ಬಾಯಿಬಿಟ್ಟದ್ದು. ಟೀಚರು ಎಂದರೆ ರಾಯರ ಹೆಂಡತಿ. ಬೆಳಗಿನ ಶಾಲೆಯಲ್ಲಿ ಪಾಠ ಹೇಳಿ ಮಧ್ಯಾಹ್ನಕ್ಕೆ ಮನೆಗೆ ಬರುವ ಅವರನ್ನು ಇಡೀ ಕಟ್ಟಡವೇ ಹಾಗೆ ಕರೆಯುತ್ತಿತ್ತು.

"ರೀ, ಆ ರೂಮು ನನಗೆ ಬೇಕು."

"ಯಾವ ರೂಮು? ಅದರಲ್ಲಿ ರೈಲಿದೆ!"

"ಓಡದೇ ಇರೋದನ್ನ ರೈಲು ಅನ್ನಲ್ಲ, ಶೋಕೇಸು ಅಂತಾರೆ. ಬರೋ ಭಾನುವಾರ ಕತ್ತಲಾಗೋದ್ರೊಳಗೆ ಬೋಗಿ ಸಮೇತ ಒಂದು ಪೂರ್ತಿ ಸುತ್ತು ಹಾಕಿಸಿ. ಹಾಕಿದ್ರೆ ರೂಮು ನಿಮ್ಮದೇ, ನಾನು ಚಕಾರ ಎತ್ತಲ್ಲ. ಇಲ್ಲಾಂದ್ರೆ ಎಲ್ಲಾ ಗಂಟು ಕಟ್ಟಿ ಅಟ್ಟಕ್ಕೆ."

ರೂಮು ಯಾತಕ್ಕೆ ಬೇಕು ಎಂದು ರಾಯರು ಕೇಳಲಿಲ್ಲ. ಹೊಲಿಗೆ ಮಿಷನ್ನಿಗೇ ಇರಬೇಕು ಎಂದು ತಾವೇ ತೀರ್ಮಾನಿಸಿಕೊಂಡರು. ಅವರ ತಲೆಯಲ್ಲಿ ಉಳಿದದ್ದು ಅಟ್ಟ ಎಂಬ ಮಾತೊಂದೇ. ಅಟ್ಟಕ್ಕೆ ಹತ್ತಿದ ಯಾವ ಸಾಮಾನೂ ಆ ಮನೆಯಲ್ಲಿ ಮತ್ತೆ ಇಳಿದ ಉದಾಹರಣೆಯಿರಲಿಲ್ಲ. ಮರುದಿನವೇ ಇನ್ನೊಂದು ಮೋಟಾರಿಗೆ ಹೇಳಿ ಕಳಿಸಿದರು. ಮುಂದೊಂದು ಎಂಜಿನ್ ಎಳೆಯಲಿ, ಹಿಂದೊಂದು ಎಂಜಿನ್ ತಳ್ಳಲಿ ಎಂಬುದು ಅವರ ಯೋಜನೆ.

ಭಾನುವಾರ ಬೆಳಿಗ್ಗೆ ತಿಂಡಿಯನ್ನೂ ಮರೆತು ರಾಯರು ನೆಲಕ್ಕೆ ಕೂತರು. ಎರಡನೆಯ ಮೋಟಾರನ್ನು ಇನ್ನೊಂದು ಕೆಂಪು ಎಂಜಿನ್ನಿಗೆ ಕೂರಿಸಿದರು. ಎರಡೂ ಎಂಜಿನ್ನಿಗೆ ಒಂದೊಂದು ಬ್ಯಾಟರಿ ಡಬ್ಬಿ, ಎರಡಕ್ಕೂ ಸೇರಿ ಒಂದೇ ರಿಮೋಟು. ಒಂದೊಂದನ್ನೇ ಹಳಿಯ ಮೇಲಿಟ್ಟು ಓಡಿಸಿ ನೋಡಿದರು. ಎರಡೂ ಮೂಗು ಮುಂದೆ ಮಾಡಿಕೊಂಡು ಸರಸರ ಓಡಿದವು. ರಾಯರು ಕೈ ತಟ್ಟಿಕೊಂಡರು. ಆಮೇಲೆ ಒಂದನ್ನು ಸಾಲಿನ ತಲೆಗೆ, ಇನ್ನೊಂದನ್ನು ಬಾಲಕ್ಕೆ ಸಿಕ್ಕಿಸಿದರು. ಬಾಲದ ಎಂಜಿನ್ನಿನ ಮೂಗು ಹಿಂದಕ್ಕೆ ಇರುವಂತೆ, ದೊಡ್ಡ ರೈಲುಗಳಲ್ಲಿ ಇರುತ್ತದಲ್ಲ, ಹಾಗೆ. ನೋಡಲು ಲಕ್ಷಣವಾಗಿತ್ತು.

ರಿಮೋಟು ಒತ್ತಿದರು.

"ಗುಂಯ್ಞ್" ಎಂದಿತು ರೈಲು. ಅಲ್ಲಾಡಲಿಲ್ಲ.

ಮತ್ತೊಮ್ಮೆ ಒತ್ತಿದರು. ಗುಂಯ್ಞ್. ಸೊಳ್ಳೆಯಾದರೂ ಕೂಗಿದ ಮೇಲೆ ಹಾರುತ್ತದೆ, ಇದು ಬರೀ ಕೂಗುತ್ತಿತ್ತು. 

ಅಷ್ಟರಲ್ಲಿ ಪೇಪರು ಕೇಳಲು ಮೇಲ್ಮನೆಯ ಎಂಜಿನಿಯರು ಇಳಿದು ಬಂದರು. ಜೀವಮಾನವಿಡೀ ಸೇತುವೆ ಕಟ್ಟಿಸಿ ನಿವೃತ್ತರಾದವರು. ಕೆಲಸ ಬಿಟ್ಟಿದ್ದರೂ ಸೇತುವೆ ಅವರನ್ನು ಬಿಟ್ಟಿರಲಿಲ್ಲ. ಬಾಗಿಲಲ್ಲೇ ನಿಂತು ಒಂದು ನೋಟ ಬೀರಿ ತೀರ್ಪು ಕೊಟ್ಟರು.

"ರಾಯರೇ, ನಿಮ್ಮ ಫೌಂಡೇಶನ್ನೇ ಸರಿಯಿಲ್ಲ."

"ಹಳಿ ಹೊಸದು ಸಾಹೇಬ್ರೇ."

"ಹಳಿ ಬಿಡ್ರೀ. ನೆಲ ನೋಡಿ, ನೆಲ! ಒಂದು ಗೋಲಿ ಇದ್ರೆ ಕೊಡಿ."

ಗೋಲಿ ಉರುಳಿ ಬೀರುವಿನ ಕೆಳಗೆ ಹೋಯಿತು. "ನೋಡಿದ್ರಾ?" ಎಂದು ಎಂಜಿನಿಯರು ಪಂಚೆ ಮೇಲಕ್ಕೆ ಕಟ್ಟಿದರು. ಹಳಿಯನ್ನೆಲ್ಲ ಬಿಚ್ಚಿಸಿದರು. ಜಮಖಾನೆ ಎತ್ತಿಸಿದರು. ಜಾಗ ಸಾಲದೆಂದು ಮಂಚವನ್ನು ಹಾಲಿಗೆ ಸಾಗಿಸಿ ಗೋಡೆಗೆ ನಿಲ್ಲಿಸಿದರು. ಓದಲು ಬಂದಿದ್ದ ಪೇಪರನ್ನೇ ಮಡಚಿ ಮಡಚಿ ಹಳಿಯ ಕೆಳಗೆ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಹಳಿ ಕನ್ನಡಿಯಂತೆ ಮಟ್ಟವಾಗಿತ್ತು, ಮನೆ ಮಾತ್ರ ಖಾಲಿ ಮಾಡಿ ಹೊರಟವರ ಮನೆಯ ಹಾಗೆ ಕಾಣುತ್ತಿತ್ತು.

ರಿಮೋಟು ಒತ್ತಿದರು. ಗುಂಯ್ಞ್.

ಕೆಳಗಿನಿಂದ ಯಾರೋ ದಡದಡ ಮೆಟ್ಟಿಲು ಹತ್ತಿದ ಸದ್ದಾಯಿತು. ಕೆಳಮನೆಯ ನರ್ಸಮ್ಮ. ರಾತ್ರಿ ಪಾಳಿ ಮುಗಿಸಿ ಮಲಗಿದ್ದವರು, ಕೆದರಿದ ಕೂದಲಲ್ಲೇ ಬಂದಿದ್ದರು.

"ಏನ್ರೀ ಇದು? ತಲೆ ಮೇಲೆ ಮಂಚ ಎಳೀತೀರಾ! ಮನುಷ್ಯರು ಮಲಗಬೇಕೋ ಬೇಡ್ವೋ?"

"ತಪ್ಪಾಯ್ತು ನರ್ಸಮ್ಮ. ರೈಲು ಓಡ್ತಿಲ್ಲ. ಕತ್ತಲಾಗೋದ್ರೊಳಗೆ ಓಡದಿದ್ರೆ ಎಲ್ಲಾ ಅಟ್ಟಕ್ಕೆ ಹೋಗತ್ತೆ." ರಾಯರು ಅಳುವುದೊಂದು ಬಾಕಿ.

ನರ್ಸಮ್ಮನ ಕೋಪ ಅಲ್ಲೇ ಇಳಿಯಿತು. ರೋಗಿ ಕಂಡರೆ ಅವರಿಗೆ ನಿದ್ದೆ ನೆನಪಾಗುವುದಿಲ್ಲ. ಮಂಡಿಯೂರಿ ಕೂತು ಮುಂದಿನ ಎಂಜಿನ್ನಿಗೆ ಕಿವಿಯಿಟ್ಟರು, ಹಿಂದಿನದಕ್ಕೂ ಇಟ್ಟರು.

"ಎರಡಕ್ಕೂ ಎದೆ ಚೆನ್ನಾಗೇ ಬಡ್ಕೋತಿದೆ. ಕೀಲು ಹಿಡ್ಕೊಂಡಿರಬೇಕು. ಎಣ್ಣೆ ಹಾಕಿ."

"ಪ್ಲಾಸ್ಟಿಕ್ಕಿಗೆ ಎಣ್ಣೆ ಹಾಕಬಾರದು ಅಂತಾರೆ..."

"ಯಾರು ಅಂತಾರೆ? ಡಾಕ್ಟರು ಹೇಳಿದ್ದಾರಾ?"

ತಲೆಗೆ ಹಚ್ಚುವ ಎಣ್ಣೆಯ ಬಾಟಲಿ ಬಂತು. ನರ್ಸಮ್ಮ ಧಾರಾಳವಾಗಿ ಉಪಚಾರ ಮಾಡಿದರು. ಈಗ ರೈಲು ಗುಂಯ್ಞ್ ಎನ್ನುವುದನ್ನು ಬಿಟ್ಟಿತು, ಚಕ್ರಗಳು ನಿಂತಲ್ಲೇ ಗರಗರ ತಿರುಗತೊಡಗಿದವು. ಹಳಿಯಿಂದ ಎದ್ದ ಎಣ್ಣೆಯ ಹನಿಗಳು ಎಂಜಿನಿಯರ ಕನ್ನಡಕದ ಮೇಲೆ ಕೂತವು. ಕಾಣದೆ ಕೈಯಾಡಿಸುವಾಗ ಅವರು ಒಂದು ಬೋಗಿಯ ಮೇಲೆ ಕೈಯೂರಿದರು. ಬೋಗಿ ಪುಡಿಪುಡಿಯಾಯಿತು.

ಊಟಕ್ಕೆ ಕರೆಯಲು ಬಂದ ಟೀಚರು ಬಾಗಿಲಲ್ಲಿ ನಿಂತು ನೋಡಿದರು. ಯಾರೂ ಊಟಕ್ಕೆ ಏಳುವ ಲಕ್ಷಣವಿರಲಿಲ್ಲ. ಎಂಜಿನಿಯರ ಜೊತೆ ಮಾತನಾಡುತ್ತಲೇ ಅವರು ಕೆಳಗೆ ಬಿದ್ದ ಚೂರುಗಳನ್ನು ಒಂದೊಂದಾಗಿ ಎತ್ತಿ ಟಕಟಕ ಕೂರಿಸಿ, ಬೋಗಿಯನ್ನು ಮೊದಲಿನಂತೆಯೇ ಮಾಡಿ ಹಳಿಯ ಪಕ್ಕ ಇಟ್ಟು ಹೋದರು. ಹಳಿಯ ಎಣ್ಣೆ ಒರೆಸುವುದರಲ್ಲಿ ಮುಳುಗಿದ್ದ ರಾಯರು ಅದನ್ನು ಗಮನಿಸಲೇ ಇಲ್ಲ.

ಕಿಟಕಿಯ ಬಿಸಿಲು ಗೋಡೆ ಹತ್ತುತ್ತಿತ್ತು. ಎಂಜಿನಿಯರು ಕನ್ನಡಕ ಒರೆಸಿಕೊಂಡು ಹೊಸ ಸಲಹೆ ಕೊಟ್ಟರು. "ಶಕ್ತಿ ಸಾಲ್ತಿಲ್ಲ ರಾಯರೇ. ಬ್ಯಾಟರಿ ಎಲ್ಲಾ ಹೊಸದು ಹಾಕಿ, ಸ್ಪೀಡು ಪೂರ್ತಿ ಕೊಟ್ಟುಬಿಡಿ. ಆಗಿದ್ದಾಗಲಿ."

ರಾಯರು ಗೋಡೆ ಗಡಿಯಾರದ್ದು, ಟಾರ್ಚಿನದು, ಟೀವಿ ರಿಮೋಟಿನದು, ಮನೆಯಲ್ಲಿದ್ದ ಬ್ಯಾಟರಿಯನ್ನೆಲ್ಲ ಕಿತ್ತು ತುಂಬಿದರು. ಕಣ್ಣು ಮುಚ್ಚಿ ಸ್ಪೀಡನ್ನು ಕೊನೆಯವರೆಗೆ ತಿರುಗಿಸಿದರು.

ರೈಲು ಒಮ್ಮೆ ನಡುಗಿತು. ಬೋಗಿ ಬೋಗಿಯನ್ನು ಹಿಡಿದಿದ್ದದ್ದು ಪುಟ್ಟ ಅಯಸ್ಕಾಂತದ ಕೊಂಡಿ. ನಡುಮಧ್ಯದ ಕೊಂಡಿ ಟಪ್ಪೆಂದು ಬಿಟ್ಟುಕೊಂಡಿತು. ಮುಂದಿನ ಎಂಜಿನ್ ತನ್ನ ಪಾಲಿನ ಬೋಗಿಗಳನ್ನು ಎಳೆದುಕೊಂಡು ಬಲಕ್ಕೆ ಹಾರಿತು. ಹಿಂದಿನ ಎಂಜಿನ್ ತನ್ನ ಪಾಲನ್ನು ಎಳೆದುಕೊಂಡು ಎಡಕ್ಕೆ ಓಡಿತು.

"ಓಡ್ತು! ಓಡ್ತು!" ಎಂದು ನರ್ಸಮ್ಮ ಚಪ್ಪಾಳೆ ತಟ್ಟಿದರು.

"ಎರಡೆರಡು ಓಡ್ತಿದೆ!" ಎಂದರು ಎಂಜಿನಿಯರು.

ಆದರೆ ಹಳಿ ಗುಂಡಗಿತ್ತು. ಬೆನ್ನು ತಿರುಗಿಸಿ ಹೊರಟ ಎರಡೂ ಎಂಜಿನ್ನುಗಳು ಆ ಕಡೆಯ ತಿರುವಿನಲ್ಲಿ ಮುಖಾಮುಖಿಯಾದವು. ರಾಯರು "ಅಯ್ಯೋ" ಎನ್ನುವಷ್ಟರಲ್ಲಿ ಮೂಗಿಗೆ ಮೂಗು ಹೊಡೆಯಿತು. ಇಟ್ಟಿಗೆಗಳು ಬೀರುವಿನ ಕೆಳಗೆ, ಕಿಟಕಿಯ ಸಂದಿಗೆ, ನರ್ಸಮ್ಮನ ಕೂದಲಿಗೆ ಹಾರಿದವು.

"ಇನ್ನು ನನ್ನ ಕೈಲಿ ಏನೂ ಇಲ್ಲ. ಮನೆಯವರಿಗೆ ಹೇಳಿಬಿಡಿ," ಎಂದರು ನರ್ಸಮ್ಮ ಮೆಲ್ಲಗೆ.

"ಸ್ಲ್ಯಾಬೇ ತಗ್ಗಿದೆ. ನೆಲ ಒಡೆದು ಮತ್ತೆ ಹಾಕಿಸಬೇಕು," ಎಂದರು ಎಂಜಿನಿಯರು.

ರಾಯರು ಬೋರಲು ಮಲಗಿ ಬೀರುವಿನ ಕೆಳಗೆ ಕೈಹಾಕಿ ಇಟ್ಟಿಗೆ ಹುಡುಕತೊಡಗಿದರು. ಅವರಿಗೆ ನಿಜವಾಗಿಯೂ ದುಃಖವಾಗಿತ್ತು. ವಾರವೆಲ್ಲ ಬೇರೆಯವರ ಕಣ್ಣು ಸರಿಮಾಡಿ ದಣಿದು ಬಂದರೆ, ಈ ರೂಮೊಂದೇ ಅವರು ಉಸಿರು ಬಿಡುವ ಜಾಗ. ಹಾಗೆ ಕೆನ್ನೆಯನ್ನು ನೆಲಕ್ಕಿಟ್ಟು ಮಲಗಿದ್ದಾಗ ಕಣ್ಣ ಮಟ್ಟದಲ್ಲೇ ಎರಡೂ ಎಂಜಿನ್ನುಗಳು ಕಂಡವು. ಮೂಗಿಗೆ ಮೂಗು ತಾಗಿಸಿ, ಇನ್ನೂ ಚಕ್ರ ತಿರುಗಿಸುತ್ತ, ಒಂದನ್ನೊಂದು ನೂಕುತ್ತಿದ್ದವು.

ರಾಯರು ಧಡಕ್ಕನೆ ಎದ್ದು ಕೂತರು.

"ಎರಡೂ ಮುಂದಕ್ಕೇ ಹೋಗ್ತಿದ್ವು ಕಣ್ರೀ!"

"ಯಾವುದು ಮುಂದಕ್ಕೆ?"

"ಎರಡೂನೂ! ಅದರದರ ಮೂಗು ಇದ್ದ ಕಡೆಗೆ! ಹಿಂದಿನದಕ್ಕೆ ಹಿಂದೇನೇ ಮುಂದು. ಬೆಳಗಿಂದ ಇದು ಈ ಕಡೆ ಎಳೀತಿದೆ, ಅದು ಆ ಕಡೆ ಎಳೀತಿದೆ. ಅದಕ್ಕೇ ನಿಂತಲ್ಲೇ ನಿಂತಿತ್ತು!"

ಹಿಂದಿನ ಎಂಜಿನ್ನಿನ ಬ್ಯಾಟರಿ ಡಬ್ಬಿಯ ತಳದಲ್ಲಿ ದಿಕ್ಕು ಬದಲಿಸುವ ಗುಂಡಿಯೊಂದಿತ್ತು, ಅಕ್ಕಿಕಾಳಿನಷ್ಟು. ಕನ್ನಡಕದ ಸ್ಕ್ರೂ ಬಿಚ್ಚುವ ಪುಟ್ಟ ಸ್ಕ್ರೂಡ್ರೈವರಿನಿಂದ ರಾಯರು ಅದನ್ನು ಆ ಕಡೆಗೆ ಸರಿಸಿದರು. ಆಮೇಲೆ, ಗದ್ದಲ ಕೇಳಿ ಬಂದ ಟೀಚರೂ ಸೇರಿ, ನಾಲ್ಕೂ ಜನ ನೆಲಕ್ಕೆ ಬಿದ್ದು ಬೋಗಿ ಕಟ್ಟಿದ್ದೇ ಕಟ್ಟಿದ್ದು. ಎಂಜಿನಿಯರು ಒಂದು ಬೋಗಿ ಮುಗಿಸುವಷ್ಟರಲ್ಲಿ ಟೀಚರದು ಮೂರು ಮುಗಿದಿತ್ತು. ಕತ್ತಲು ಕಿಟಕಿಯ ಹತ್ತಿರ ಬಂದು ನಿಂತಿತ್ತು.

ರಾಯರು ರಿಮೋಟು ಒತ್ತಿದರು.

ರೈಲು ಹೊರಟಿತು. ಹಿಂದಿನದು ತಳ್ಳಿತು, ಮುಂದಿನದು ಎಳೆಯಿತು. ಕಿಟಕಿಯ ಕೆಳಗೆ ಸಾಗಿ, ಬೀರುವಿನ ಮುಂದೆ ಹಾದು, ಎಣ್ಣೆ ಉಳಿದಿದ್ದ ತಿರುವಿನಲ್ಲಿ ಒಂದಿಷ್ಟು ಜಾರಿ, ಹೊರಟ ಜಾಗಕ್ಕೇ ಬಂದು ನಿಂತಿತು. ನರ್ಸಮ್ಮ ಕಣ್ಣೊರೆಸಿಕೊಂಡರು. ಎಂಜಿನಿಯರು "ಫೌಂಡೇಶನ್ ಗಟ್ಟಿಯಾಯ್ತಲ್ಲ, ಅದಕ್ಕೆ" ಎಂದರು.

ಗೆದ್ದವರಿಗೆ ಮನಸ್ಸು ದೊಡ್ಡದಾಗುತ್ತದೆ. ರಾಯರು ಹೆಂಡತಿಯ ಕಡೆ ತಿರುಗಿದರು. "ರೂಮು ನಂದೇ ಆಯ್ತು. ಹೋಗ್ಲಿ, ನೀನೂ ಆಸೆಪಟ್ಟು ಕೇಳಿದೀಯ. ಅಗೋ, ಆ ಕಿಟಕಿ ಪಕ್ಕದ ಮೂಲೆ ನಿಂಗೆ. ಹೊಲಿಗೆ ಮಿಷನ್ ಇಟ್ಕೋ."

"ಇವರಿಬ್ಬರ ಎದುರಿಗೆ ಹೇಳ್ತಿದೀರಿ. ಆಮೇಲೆ ಇಲ್ಲ ಅನ್ನಬಾರದು."

"ಅನ್ನಲ್ಲ. ಏನು ಬೇಕಾದ್ರೂ ಇಟ್ಕೋ."

"ಹೊಲಿಗೆ ಮಿಷನ್ ಯಾರಿಗೆ ಬೇಕಾಗಿತ್ತು?" ಎನ್ನುತ್ತ ಟೀಚರು ಒಳಗೆ ಹೋದರು. ಕಂಬಳಿಗಳ ರಾಶಿಯ ಹಿಂದಿನಿಂದ ಒಂದು ಉದ್ದನೆಯ ಪೆಟ್ಟಿಗೆ ಎತ್ತಿಕೊಂಡು ಬಂದು, ಮುಚ್ಚಳ ತೆಗೆದರು.

ಒಳಗಿದ್ದದ್ದು ಹಸಿರು ಎಂಜಿನ್. ಹೊಳೆಯುವ ಹಸಿರು, ದೀಪ ಬೇರೆ, ಹಿಂದೆ ಊಟದ ಬೋಗಿ, ಮಲಗುವ ಬೋಗಿ. ಎಲ್ಲವೂ ಇಟ್ಟಿಗೆಯದೇ. ಇಂಥದೊಂದು ಸಿಗಲಿ ಎಂದು ರಾಯರು ಕಂಡಕಂಡ ಸಂಗ್ರಹಕಾರರಿಗೆಲ್ಲ ದುಂಬಾಲು ಬಿದ್ದಿದ್ದರು.

"ಇದು... ಯಾರದು?"

"ನಂದು. ನೀವು ಅಂಗಡಿಗೆ ಹೋದ ಮೇಲೆ ಮಧ್ಯಾಹ್ನ ಕೂತು ಕಟ್ಟಿದ್ದು. ಮೋಟಾರೂ ನಾನೇ ಹಾಕಿದೆ. ಅಡುಗೆಮನೆ ಕಟ್ಟೆ ಮೇಲೆ ಓಡಿಸ್ತಿದ್ದೆ. ಒಲೆ ಹತ್ತಿರದಿಂದ ಸಿಂಕಿನವರೆಗೆ ಹೋಗೋದು, ವಾಪಸ್ ಬರೋದು. ಇನ್ನೂ ಒಂದು ಸಲಾನೂ ತಿರುವು ಕಂಡಿಲ್ಲ, ಪಾಪ."

"ಹೇಳಬಾರದಿತ್ತೇನೇ?"

"ನೀವು ಕೇಳಬಾರದಿತ್ತೇನ್ರಿ?"

ರಾಯರಿಗೆ, ಇಷ್ಟು ದಿನ ಇಬ್ಬರೂ ಒಂದೇ ಮನೆಯಲ್ಲಿ ಒಂದೇ ಹುಚ್ಚನ್ನು ಬೇರೆ ಬೇರೆಯಾಗಿ ಸಾಕಿದ್ದೆವಲ್ಲ ಎಂದು ನಾಚಿಕೆಯಾಯಿತು, ಖುಷಿಯೂ ಆಯಿತು.

ಟೀಚರು ಆಗಲೇ ಹಳಿ ಜೋಡಿಸುತ್ತಿದ್ದರು. ಬಾಗಿದ ಹಳಿಗೆ ಒಂದು ಅಳತೆ ಇರುತ್ತದೆ, ಇನ್ನಷ್ಟು ಬಾಗು ಎಂದರೆ ಕೇಳುವುದಿಲ್ಲ. ಸುತ್ತು ಮೂಲೆಯಲ್ಲಿ ಹಿಡಿಸಲಿಲ್ಲ. ಮೂಲೆಯಿಂದ ಹೊರಟು ಬೀರುವಿನ ತನಕ ಬಂತು, ಬೀರುವಿನಿಂದ ಬಾಗಿಲಿನ ತನಕ ಬಂತು.

"ಇದೇ ಸರಿಯಾದ ಅಲೈನ್‌ಮೆಂಟು," ಎಂದು ಎಂಜಿನಿಯರು ಪೇಪರು ಎತ್ತಿಕೊಂಡು ಆ ಕಡೆಗೆ ಹೋದರು. ನರ್ಸಮ್ಮನೂ ಮಂಡಿಯೂರಿ ಹಿಂದೆಯೇ ಹೋದರು.

"ರೀ, ನಿಮ್ಮದು ಸ್ವಲ್ಪ ತೆಗೀತೀರಾ? ನನ್ನ ಗಾಡಿ ಬರಬೇಕು."

ರಾಯರು ತಮ್ಮ ರೈಲನ್ನು ತುಂಡು ತುಂಡಾಗಿ ಎತ್ತಿಕೊಂಡು ಹಾಲಿಗೆ ಹೋದರು. ಅಲ್ಲಿ ಮಂಚ ಗೋಡೆಗೆ ನಿಂತಿತ್ತು, ಸೋಫಾದ ಮೇಲೆ ಬಟ್ಟೆ ತುಂಬಿತ್ತು. ಕೊನೆಗೆ ಏಣಿ ಹಾಕಿಕೊಂಡು, ತಮ್ಮ ಕೈಯಾರೆ, ಎರಡು ಎಂಜಿನ್ನನ್ನೂ ಬೋಗಿಗಳನ್ನೂ ಅಟ್ಟಕ್ಕೆ ಇಟ್ಟು ಇಳಿದರು. ಇಳಿದವರೇ ಓಡೋಡಿ ಬಂದರು. ಹಸಿರು ಎಂಜಿನ್ ದೀಪ ಉರಿಸಿಕೊಂಡು, ಜೀವನದ ಮೊದಲ ತಿರುವನ್ನು ಬೆಣ್ಣೆಯಂತೆ ದಾಟುತ್ತಿತ್ತು. ಟೀಚರ ಮುಖ ಶಾಲೆ ಬಿಟ್ಟ ಹುಡುಗಿಯ ಮುಖದಂತಿತ್ತು. ರಾಯರು ಅವರ ಪಕ್ಕದಲ್ಲಿ ನೆಲಕ್ಕೆ ಕೂತರು.

"ಒಂದೇ ಒಂದು ಸುತ್ತು, ರಿಮೋಟು ಕೊಡ್ತೀಯೇನೇ?"

"ನಾಳೆ," ಎಂದರು ಟೀಚರು, ರೈಲಿನಿಂದ ಕಣ್ಣು ತೆಗೆಯದೆ.

ರಾಯರು ಗೋಡೆಗೆ ಒರಗಿ, ನಾಳೆ ಅಂಗಡಿಗೆ ರಜೆ ಹಾಕುವುದೆಂದು ಗಟ್ಟಿಯಾಗಿ ತೀರ್ಮಾನಿಸಿದರು.