ಕತ್ತರಿ ಕಾಣದ ಜುಟ್ಟು

ಎಲ್ಲದಕ್ಕೂ ಕಾರಣ ಒಂದು ಹೆಬ್ಬೆರಳು. ಶನಿವಾರ ಸಂಜೆ, ಸುಮೋ ಕುಸ್ತಿಯ ಅತ್ಯುನ್ನತ ಪಟ್ಟ ಹೊತ್ತ ಮಹಾಮಲ್ಲನ ಎಡಗಾಲಿನ ಹೆಬ್ಬೆರಳು ಕಣದ ಹುಲ್ಲುಹುರಿಯಿಂದ ಒಂದು ಕಡಲೆಕಾಳಿನಷ್ಟು ಆಚೆ ಜಾರಿ ಮರಳು ಮುಟ್ಟಿತು. ಅಷ್ಟಕ್ಕೇ ಅವನು ಸೋತು ಹನ್ನೆರಡು ಗೆಲುವಿಗೇ ನಿಂತುಬಿಟ್ಟ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಮಿನೇಗುಮೊ ಎಂಬ ಹುಡುಗ ಅದೇ ಹನ್ನೆರಡು ಗೆಲುವಿನೊಂದಿಗೆ ಅವನ ಪಕ್ಕಕ್ಕೆ ಬಂದ. ಭಾನುವಾರ ಪಂದ್ಯಾವಳಿಯ ಕಡೆಯ ದಿನ. ಇಬ್ಬರಿಗೂ ನೇರ ಕುಸ್ತಿ. ಗೆದ್ದವನಿಗೆ ಬಹುಮಾನದ ಬಟ್ಟಲು.

ಮಿನೇಗುಮೊ, ಹಳೆಯ ಮಲ್ಲ ಯುಕಿನೋಮೋರಿ ಇದ್ದ ಗರಡಿಯವನೇ. ಗರಡಿಯಿದ್ದ ರ್ಯೋಗೊಕು ಬೀದಿಯೆಲ್ಲ ಕುಣಿಯಿತು. ಯುಕಿನೋಮೋರಿಗೆ ಮಾತ್ರ ಅಂದು ಅನ್ನ ಇಳಿಯಲಿಲ್ಲ.

ಯಾಕೆಂದರೆ ಭಾನುವಾರದ ಸಂಜೆ ಅವನದಾಗಬೇಕಿತ್ತು. ಹದಿನೈದನೆಯ ವಯಸ್ಸಿಗೆ ಗರಡಿ ಸೇರಿದವನಿಗೆ ಈಗ ಮೂವತ್ತಾರು. ಇಪ್ಪತ್ತೊಂದು ವರ್ಷ ಮಣ್ಣು ಹೊತ್ತರೂ ಕೆಳಗಿನಿಂದ ಮೂರನೆಯ ಮೆಟ್ಟಿಲು ದಾಟಿರಲಿಲ್ಲ. ಅವನ ಹೆಸರು ಕೇಳಿದರೆ ಜನಕ್ಕೆ ನೆನಪಾಗುತ್ತಿದ್ದುದು ಅವನು ಬೇಯಿಸುವ ಕೋಳಿ ಸಾರು ಮಾತ್ರ. ಈ ಸಲ ನಿವೃತ್ತಿ ಕಾಗದ ಬರೆದು ಉಸ್ತಾದರ ಕೈಗೆ ಕೊಟ್ಟಿದ್ದ. ಕಡೆಯ ದಿನದ ಔತಣದಲ್ಲಿ, ಹೋಟೆಲಿನ ಹಾಲ್‌ನಲ್ಲಿ, ಅವನನ್ನು ಕುರ್ಚಿಯ ಮೇಲೆ ಕೂರಿಸಿ ಬಂದವರೆಲ್ಲ ಒಬ್ಬೊಬ್ಬರಾಗಿ ಬಂಗಾರದ ಕತ್ತರಿಯಿಂದ ನಾಲ್ಕು ಕೂದಲು ತುಂಡರಿಸುತ್ತಾರೆ. ಕೊನೆಗೆ ಉಸ್ತಾದರು ಮಲ್ಲನ ಗುರುತಾದ ಜುಟ್ಟನ್ನೇ ಕತ್ತರಿಸಿ ತೆಗೆಯುತ್ತಾರೆ. ಒಂದು ಗಂಟೆ ಇನ್ನೂರು ಜನ ಅವನ ಮುಖವನ್ನೇ ನೋಡುತ್ತಾರೆ. ಹುಟ್ಟಿದ ಮೇಲೆ ಮೊದಲ ಸಲ. ಅದಕ್ಕೆಂದೇ ಅವನ ತಾಯಿ ತೋಮೆ ದೂರದ ಉತ್ತರದ ತ್ಸುಗಾರುವಿನ ಹಿಮ ದಾಟಿಕೊಂಡು ಬರುತ್ತಿದ್ದಳು. ಬುಧವಾರದಿಂದ ಅವನಿಗೆ ಊರಿನ ವೃದ್ಧಾಶ್ರಮದಲ್ಲಿ ಕೆಲಸ. ಮುದುಕರನ್ನು ಹಾಸಿಗೆಯಿಂದ ಬಚ್ಚಲಿಗೆ ಎತ್ತಿ ಕೂರಿಸುವುದು. “ಜುಟ್ಟು ತೆಗೆಸಿಕೊಂಡು ಬನ್ನಿ, ಮುದುಕರು ಹೆದರ್ತಾರೆ” ಎಂದಿದ್ದರು ಅಲ್ಲಿಯವರು.

ಮಿನೇಗುಮೊ ಗೆದ್ದುಬಿಟ್ಟರೆ ಕ್ಯಾಮೆರಾಗಳ ಮಧ್ಯೆ ಅಡುಗೆಯವನ ಜುಟ್ಟನ್ನು ಯಾರು ಕೇಳುತ್ತಾರೆ?

ಭಾನುವಾರ ಬೆಳಿಗ್ಗೆ ಅವನ ಕಡೆಯ ಕುಸ್ತಿ ಮೂರು ಸೆಕೆಂಡಿನಲ್ಲಿ ಮುಗಿಯಿತು. ಖಾಲಿ ಸಾಲುಗಳಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದ ಒಬ್ಬಾತ ತಲೆಯೆತ್ತುವಷ್ಟರಲ್ಲಿ ಯುಕಿನೋಮೋರಿ ಕಣದ ಕೆಳಗೆ ಅಂಗಾತ ಬಿದ್ದಿದ್ದ. ಎದ್ದು ಬಗ್ಗಿ ನಮಸ್ಕರಿಸಿದ. ಅಳು ಬರಬಹುದು ಎಂದುಕೊಂಡಿದ್ದ, ಬಂದದ್ದು ಬಿಕ್ಕಳಿಕೆ.

ಗರಡಿಗೆ ಮರಳಿದರೆ ಉಸ್ತಾದರ ಹೆಂಡತಿ ಬಾಗಿಲಲ್ಲೇ ಹಿಡಿದರು.

“ಯುಕಿ, ಓಡು! ಕೆಂಪು ಮೀನು ತಗೊಂಡು ಬಾ. ದೊಡ್ಡದು. ಗೆದ್ದವ್ನು ಕೈಯಲ್ಲಿ ಮೀನಿಲ್ದೆ ಫೋಟೋಕ್ಕೆ ನಿಂತ್ರೆ ನಮ್ಮ ಮಾನ ಹೋಗುತ್ತೆ.”

“ಅಮ್ಮಾವ್ರೇ, ಅವ್ನಿನ್ನೂ ಗೆದ್ದಿಲ್ವಲ್ಲ.”

“ಗೆದ್ಮೇಲೆ ಹುಡುಕಿದ್ರೆ ಮೀನು ಸಿಗುತ್ತಾ? ಒಂದು ಮಾತು. ಮಿನೇ ಕಣ್ಣಿಗೆ ಬೀಳ್ಕೂಡ್ದು. ಗೆಲ್ಲೋ ಮುಂಚೆ ಮೀನು ಕಂಡ್ರೆ ಕಾಲು ನಡುಗುತ್ತಂತೆ. ಹೋದ ವರ್ಷ ಆ ಆಚೆ ಗರಡಿ ಹುಡುಗ ಕಂಡು, ತಾನೇ ಕಣಕ್ಕೆ ಎರಚಿದ್ದ ಉಪ್ಪಿನ ಮೇಲೇ ಜಾರಿ ಬಿದ್ದ, ಗೊತ್ತಲ್ಲ?”

ಮೀನಂಗಡಿಯ ಅಜ್ಜಿ ಇವನನ್ನು ಕಂಡವಳೇ ತಲೆ ಅಲ್ಲಾಡಿಸಿದಳು. “ಮಹಾಮಲ್ಲನ ಕಡೆಯವ್ರು ಆರು ಗಂಟೆಗೇ ಬಂದು ಜೋಡಿ ಎತ್ಕೊಂಡ್ಹೋದ್ರು. ನಿಮಗೆ ಈಗ ಬೆಳಗಾಯ್ತಾ? ಇದೊಂದೇ ಉಳ್ದಿರೋದು. ಗಾತ್ರ ಇದೆ, ಮೋರೆ ಮಾತ್ರ ಸಪ್ಪಗಿದೆ.” ಮೀನನ್ನೂ ಅವನನ್ನೂ ಒಮ್ಮೆ ನೋಡಿದಳು. “ಜೋಡಿ ಚೆನ್ನಾಗಿದೆ ಬಿಡು.”

ಯಾರಿಗೂ ಕಾಣಬಾರದೆಂದು ಮೀನಿಗೆ ತನ್ನ ಹಳೆಯ ಹತ್ತಿಯ ನಿಲುವಂಗಿ ಸುತ್ತಿ ಎದೆಗವಚಿಕೊಂಡು ಹೊರಟ. ಸೇತುವೆಯ ಬಳಿ ಸ್ನಾನದ ಮನೆಯಿಂದ ಬರುತ್ತಿದ್ದ ಮುದುಕಿಯೊಬ್ಬಳು ಅಡ್ಡ ನಿಂತಳು.

“ಅಯ್ಯೋ, ಪಾಪು! ಎಷ್ಟು ತಿಂಗಳು?”

“ಆರು... ಆರು ಕಿಲೋ.”

“ಅಪ್ಪನ ಹಾಗೇ ಗುಂಡಗಿದೆ. ಎಲ್ಲಿ, ಮುಖ ತೋರ್ಸಪ್ಪ.”

“ಮಲಗಿದೆ.”

ಮುದುಕಿ ಮೂಗು ಮುಂದೆ ತಂದಳು. “ಬಟ್ಟೆ ಬದಲಾಯ್ಸು. ತಾಯಿ ಎಲ್ಲಿ ಹೋದ್ಳು? ಈಗಿನ ಹೆಂಗಸ್ರಿಗೆ ಜವಾಬ್ದಾರಿನೇ ಇಲ್ಲ.”

ಇಲ್ಲದ ಹೆಂಡತಿಯ ಪರವಾಗಿ ಕ್ಷಮೆ ಕೇಳಿ ಯುಕಿನೋಮೋರಿ ಗರಡಿ ತಲುಪಿದ. ಮೀನನ್ನು ಅಡುಗೆಮನೆಯ ಮರದ ಪೆಟ್ಟಿಗೆಗೆ ಹಾಕಿ, ಐಸ್ ಸುರಿದು ಮುಚ್ಚಳ ಮುಚ್ಚುವುದಕ್ಕೂ ಮಿನೇಗುಮೊ ಒಳಗೆ ಬರುವುದಕ್ಕೂ ಸರಿಹೋಯಿತು. ಬಂದವನು ಬೇರೆಲ್ಲ ಜಾಗ ಬಿಟ್ಟು ಆ ಪೆಟ್ಟಿಗೆಯ ಮೇಲೇ ಕುಳಿತ. ನೂರಾ ಎಪ್ಪತ್ತು ಕಿಲೋದ ಭಾರಕ್ಕೆ ಪೆಟ್ಟಿಗೆ ನರಳಿತು.

“ಅಣ್ಣಾ, ಕಣದ ಕಡೆ ಹೊರಟೆ. ಮೂರು ಸಲ ಬಾಗಿಲವರೆಗೂ ಹೋಗಿ ವಾಪಸ್ ಬಂದೆ.”

“ನೀರು ಕುಡಿ.”

“ನಾನ್ ಸೋಲ್ತೀನಿ ಬಿಡು. ಎಲ್ರೂ ಗೆಲ್ತೀಯ ಗೆಲ್ತೀಯ ಅಂತಾರೆ, ಒಬ್ರ ಕಣ್ಣಲ್ಲೂ ನಂಬಿಕೆ ಇಲ್ಲ. ಉಸ್ತಾದರು ಬೆನ್ನು ತಟ್ಟಿದ್ರು, ಅವರ ಕೈಯೂ ತಣ್ಣಗಿತ್ತು.” ಇಪ್ಪತ್ತೆರಡರ ಆ ಬೆಟ್ಟದಂಥ ಹುಡುಗ ಮೂಗು ಎಳೆದುಕೊಂಡ.

ಯುಕಿನೋಮೋರಿ ಅಕ್ಕಿ ತೊಳೆಯುತ್ತ ನಿಂತಿದ್ದ. ಆಗ ಅವನ ತಲೆಯಲ್ಲಿ ಒಂದು ಯೋಚನೆ ಜಿರಲೆಯಂತೆ ಮೆಲ್ಲಗೆ ಹರಿದಾಡಿತು. ಮುಚ್ಚಳ ತೆಗೆದರೆ ಸಾಕು. ಹುಡುಗನ ಕಾಲು ನಡುಗುತ್ತದೆ, ಮಹಾಮಲ್ಲ ಗೆಲ್ಲುತ್ತಾನೆ, ಸಂಜೆ ತನ್ನದಾಗುತ್ತದೆ. ಅಮ್ಮ ಎರಡು ರೈಲು ಬದಲಾಯಿಸಿ ಬರುತ್ತಿದ್ದಾಳೆ. ಇವನಿಗೇನು, ಚಿಕ್ಕ ವಯಸ್ಸು, ಇನ್ನೂ ಎಷ್ಟೋ ಪಂದ್ಯಾವಳಿಗಳಿವೆ.

“ಸ್ವಲ್ಪ ಏಳು ಮಿನೇ,” ಎಂದ ಕೈ ಒರೆಸಿಕೊಳ್ಳುತ್ತ. ತನ್ನ ದನಿ ತನಗೇ ಬೇರೆಯವರದೆನಿಸಿತು. “ಈರುಳ್ಳಿ ತೆಗೀಬೇಕು.”

ಮುಚ್ಚಳ ತೆರೆದ. ಸಪ್ಪೆ ಮೋರೆಯ ಕೆಂಪು ಮೀನು ಐಸಿನ ನಡುವಿನಿಂದ ಇಬ್ಬರನ್ನೂ ನೋಡಿತು. ಮಿನೇಗುಮೊ ಬಿಳಿಚಿಕೊಂಡ. ತುಟಿ ಅದುರಿತು. ಹಾಗೇ ತಿರುಗಿ ಹೊರಟುಹೋದ.

ಮಧ್ಯಾಹ್ನವೆಲ್ಲ ಯುಕಿನೋಮೋರಿ ಹೋಟೆಲಿನ ಹಾಲ್‌ನಲ್ಲಿ ಕುರ್ಚಿ ಜೋಡಿಸಿದ. ಒಂದೊಂದು ಕುರ್ಚಿ ಎತ್ತಿದಾಗಲೂ ಆ ಅದುರಿದ ತುಟಿ ಕಣ್ಮುಂದೆ ಬರುತ್ತಿತ್ತು. ಅವನೂ ತನ್ನಂತೆ ಹದಿನೈದನೆಯ ವಯಸ್ಸಿಗೆ ಬಂದ ಹುಡುಗ. ಮೊದಲ ಚಳಿಗಾಲದಲ್ಲಿ ಹಾಸಿಗೆಯೊಳಗೆ ಅಳುತ್ತಿದ್ದಾಗ ಸಾರು ಕುಡಿಸಿದ್ದು ತಾನೇ. ಐದು ಗಂಟೆಗೆ ಟಿವಿಯಲ್ಲಿ ಮಿನೇಗುಮೊ ಉಪ್ಪು ಎರಚಿದಾಗ ಯುಕಿನೋಮೋರಿ ಒಂದು ಕುರ್ಚಿಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿದ್ದ.

“ದೇವರೇ, ನನ್ನ ಸಂಜೆ ಹಾಳಾಗಿ ಹೋಗ್ಲಿ. ಅವ್ನು ಗೆಲ್ಲಲಿ.”

ದೇವರು ಅವನ ಮಾತು ಕೇಳಿದ್ದು ಇಪ್ಪತ್ತೊಂದು ವರ್ಷದಲ್ಲಿ ಅದೊಂದೇ ಸಲ. ಕಣ್ಣು ತೆರೆದಾಗ ಮಹಾಮಲ್ಲ ಕಣದ ಕೆಳಗಿದ್ದ, ಕುರ್ಚಿಯ ಒಂದು ಕಾಲು ಮುರಿದಿತ್ತು, ಹಾಲ್‌ನಲ್ಲಿದ್ದವರೆಲ್ಲ ಕಿರುಚುತ್ತಿದ್ದರು.

ಏಳು ಗಂಟೆಗೆ ಹಾಲ್ ತುಂಬಿ ತುಳುಕಿತು. ಮೂಲೆಯಲ್ಲಿ ಹಳೆಯ ರೇಷ್ಮೆಯ ಕಿಮೋನೋ ಉಟ್ಟ ತೋಮೆಯನ್ನು ಯಾರೋ ಕೈಚೀಲ ಕಾಯುವವಳೆಂದು ತಿಳಿದು ಮೂರು ಕೋಟುಗಳನ್ನು ಕೊಟ್ಟುಹೋಗಿದ್ದರು. ಮಿನೇಗುಮೊ ಮೀನು ಎತ್ತಿ ಹಿಡಿದು ನಿಂತ, ಕ್ಯಾಮೆರಾಗಳು ಮಿಂಚಿದವು. ಆಮೇಲೆ ಅವನು ಮೈಕು ಹಿಡಿದ.

“ಇವತ್ತು ನನ್ಮೇಲೆ ನಂಬಿಕೆ ಇಟ್ಟೋರು ಒಬ್ರೇ,” ಎಂದ. “ಮೀನು ಕಂಡ್ರೆ ಕಾಲು ನಡುಗುತ್ತೆ ಅಂತ ಎಲ್ರೂ ಬಚ್ಚಿಟ್ರು. ಯುಕಿ ಅಣ್ಣ ಮಾತ್ರ ಮುಚ್ಚಳ ತೆಗ್ದು ತೋರ್ಸಿದ್ರು. ‘ನೋಡು, ನೀನು ಗೆಲ್ತೀಯ, ತಂದಾಗಿದೆ’ ಅಂತ. ಬಾಯಲ್ಲಿ ಹೇಳ್ಲಿಲ್ಲ. ಹೇಳೋದೂ ಬೇಡ. ಅಣ್ಣಾ, ನೀನಿಲ್ದೆ ನಾನಿಲ್ಲ!”

ಯುಕಿನೋಮೋರಿ ಬಾಯಿ ತೆರೆದ. ಅದರಿಂದ ಬಂದದ್ದು ಮತ್ತೆ ಬಿಕ್ಕಳಿಕೆ. ಜನ ಅದನ್ನು ಅಳು ಎಂದುಕೊಂಡು ತಾವೂ ಅತ್ತರು.

ಉಸ್ತಾದರು ಕೆಂಪಗಾದ ಮುಖದಲ್ಲಿ ಎದ್ದರು. ಕಿಮೋನೋದ ತೋಳಿನೊಳಗಿಂದ ಒಂದು ಕಾಗದ ತೆಗೆದರು. ನಿವೃತ್ತಿ ಕಾಗದ.

“ಇಂಥವ್ನನ್ನ ಕಳಿಸೋಕೆ ಹೊರಟಿದ್ದೆನಲ್ಲ, ನನಗೆ ಬುದ್ಧಿ ಇದ್ಯಾ?” ಪರ್‍ರನೆ ಹರಿದರು. “ಎಲ್ರೂ ಕೇಳಿ! ಮಿನೇಗುಮೊ ಮಹಾಮಲ್ಲ ಆಗೋವರೆಗೂ ಈ ಜುಟ್ಟಿಗೆ ಯಾರೂ ಕತ್ತರಿ ಮುಟ್ಟಿಸ್ಕೂಡ್ದು!”

ಇನ್ನೂರು ಜನ ತಿರುಗಿ ಯುಕಿನೋಮೋರಿಯ ಮುಖವನ್ನೇ ನೋಡಿದರು. ಚಪ್ಪಾಳೆ ನಿಲ್ಲಲೇ ಇಲ್ಲ.

ತೋಮೆ ಕೋಟುಗಳನ್ನು ಕೆಳಗಿಟ್ಟು ಮಗನ ಬಳಿ ಬಂದಳು. ಕೈಚೀಲದಿಂದ ಬೂದು ಉಣ್ಣೆಯ ಟೊಪ್ಪಿ ತೆಗೆದಳು.

“ಜುಟ್ಟು ಹೋದ್ರೆ ತಲೆಗೆ ಚಳಿಯಾಗುತ್ತೆ ಅಂತ ಹೆಣೆದೆ,” ಎಂದು ತುದಿಗಾಲಲ್ಲಿ ನಿಂತು ಅವನ ತಲೆಗಿಟ್ಟಳು. “ಮಹಾಮಲ್ಲ ಆಗೋಕೆ ಎಷ್ಟು ವರ್ಷ ಬೇಕಪ್ಪಾ?”

“ಬೇಗ ಆದ್ರೆ ಐದಾರು.”

“ಆಗ್ದೇ ಹೋದ್ರೆ?”

ಯುಕಿನೋಮೋರಿ ಟೊಪ್ಪಿಯನ್ನು ಕಿವಿಯವರೆಗೆ ಎಳೆಯಲು ನೋಡಿದ. ಜುಟ್ಟು ಬಿಡಲಿಲ್ಲ.