ತುರಿಕೆ ಅಂತ ಬಂದವರ ಸಕ್ಕರೆ

ಸಕ್ಕರೆ ಕಾಯಿಲೆ ಇದೆ ಅಂತ ಹೇಳಿಕೊಂಡು ನಮ್ಮ ಡಾಕ್ಟರ ಬಳಿ ಬಂದವರು ಕಡಿಮೆ. ಎಲ್ಲರೂ ಬರುವುದು ತುರಿಕೆ, ಬಿರುಕು, ಹೊಟ್ಟು ಅಂತಲೇ. ಹೋಗುವಾಗ ಮಾತ್ರ ಸಕ್ಕರೆ ಹೊತ್ತುಕೊಂಡು ಹೋಗುತ್ತಿದ್ದರು. ವಾರಕ್ಕೆ ಒಂದಾದರೂ ಇಂಥದ್ದು ನಡೆಯದೆ ಇರುತ್ತಿರಲಿಲ್ಲ.

ನಾನು ಚರ್ಮದ ಡಾಕ್ಟರೊಬ್ಬರ ಹತ್ತಿರ ಹದಿನೆಂಟು ವರ್ಷ ಕಂಪೌಂಡರ್ ಆಗಿದ್ದೆ. ಸೇರಿದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಶಿರಸಿಯಲ್ಲಿ ಅವರದು ಸ್ವಂತ ದವಾಖಾನೆ. ಮಂಗಳವಾರ ಮಧ್ಯಾಹ್ನ ಸಿದ್ದಾಪುರ, ಶುಕ್ರವಾರ ಯಲ್ಲಾಪುರ. ಆಗ ಬೆರಳಿಗೆ ಚುಚ್ಚಿ ನೋಡುವ ಮೀಟರು ನಮ್ಮಲ್ಲಿ ಇರಲಿಲ್ಲ. ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ, ಸ್ಪಿರಿಟ್ ದೀಪದ ಮೇಲೆ ಕಾಸುವುದು ನನ್ನ ಕೆಲಸ. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ; ಇಟ್ಟಿಗೆ ಬಣ್ಣ ಬಂದರೆ ಜೋರಾಗಿದೆ ಅಂತ ಅರ್ಥ.

ಹನ್ನೊಂದು ಸೋಪು

ಶಿರಸಿ ಕಡೆಯ ಒಬ್ಬ ಅಡುಗೆ ಭಟ್ಟರು ಕೈಚೀಲದಿಂದ ಒಂದೊಂದೇ ಸೋಪು ತೆಗೆದು ಡಾಕ್ಟರ ಮೇಜಿನ ಮೇಲೆ ಸಾಲಾಗಿ ಇಟ್ಟರು. ಹನ್ನೊಂದಿದ್ದವು. ಎಲ್ಲವೂ ಅರ್ಧರ್ಧ ಸವೆದಿದ್ದವು.

"ಇಷ್ಟ್ರಲ್ಲಿ ಯಾವ್ದು ಯನ್ನ ಕೈ ಹಾಳು ಮಾಡಿದ್ದು ಹೇಳಿ ನೋಡಿ ಡಾಕ್ಟ್ರೆ," ಅಂದರು.

ಅವರ ಕೈ ಒಣಗಿ ತುರಿಸುತ್ತಿತ್ತು, ಬೆರಳ ಗಂಟುಗಳಲ್ಲಿ ಬಿಳಿ ಹೊಟ್ಟು ಏಳುತ್ತಿತ್ತು. ಬಡಿಸುವಾಗ ಜನ ಕೈ ನೋಡಿ ಎಲೆ ಹಿಂದಕ್ಕೆ ಎಳೆದುಕೊಳ್ಳುತ್ತಾರಂತೆ. ಹಿಂದಿನ ತಿಂಗಳು ಎರಡು ಮದುವೆಯ ಅಡುಗೆ ಬೇರೆಯವರ ಪಾಲಾಗಿತ್ತು. ಮನುಷ್ಯ ನಿಜಕ್ಕೂ ಕಂಗಾಲಾಗಿದ್ದರು.

ನಾನು ಕಾಸಿದೆ. ಇಟ್ಟಿಗೆ ಬಣ್ಣ ಬಂತು.

"ಸೋಪಿಂದೇನೂ ತಪ್ಪಿಲ್ಲ ಭಟ್ಟರೇ," ಅಂದರು ಡಾಕ್ಟರು. "ನಿಮ್ಮ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದೆ. ದೇಹ ಅದನ್ನು ಮೂತ್ರದಲ್ಲಿ ಹೊರಗೆ ಕಳಿಸ್ತದೆ. ಜೊತೆಗೆ ನೀರೂ ಹೋಗ್ತದೆ. ಚರ್ಮ ಒಣಗೋದು ಅದಕ್ಕೆ. ಜಿಲೇಬಿ, ಹೋಳಿಗೆ ಎಷ್ಟು ತಿಂತೀರಿ?"

"ತಿಂತ್ನಿಲ್ಲೆ. ರುಚಿ ನೋಡ್ತಿ ಅಷ್ಟೆ."

"ಎಷ್ಟು ಸಲ?"

"ಸಮಾಧಾನ ಆಪಲ್ಲಿವರೆಗೆ."

ಪಥ್ಯ, ಮಾತ್ರೆ ಶುರುವಾಯಿತು. ರುಚಿ ನೋಡುವುದು ಪೂರ್ತಿ ಬಂದ್. ಆರೇಳು ತಿಂಗಳಲ್ಲಿ ಕೈ ನುಣುಪಾಯಿತು, ಮದುವೆಗಳೂ ಮರಳಿ ಬಂದವು. ಒಂದು ದಿನ ನಗುನಗುತ್ತಾ ಒಳಗೆ ಬಂದರು. "ಹಾಗಾದರೆ ಈಗ ರುಚಿ ನೋಡೋದು ಯಾರು?" ಅಂತ ಡಾಕ್ಟರು ಕೇಳಿದರು.

"ಭಾವ ನೋಡ್ತ. ಹೊರಗೆ ಬೆಂಚಿನ ಮೇಲೆ ಕುಂತಿದ್ದ. ಅವಂಗೂ ಕೈ ತುರಿಸ್ತಡ."

ನಸುಗುನ್ನಿ

ಬನವಾಸಿ ಕಡೆಯ ಬಟ್ಟೆ ಅಂಗಡಿಯವರ ಮನೆಯ ಅತ್ತೆ–ಸೊಸೆ ಬಂದಿದ್ದರು. ಇಬ್ಬರ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತರು. ಒಂದು ವರ್ಷದಿಂದ ಮಾತಿಲ್ಲ ಅಂತ ಆಮೇಲೆ ತಿಳಿಯಿತು.

"ಸಾಹೇಬ್ರ, ಈಕಿ ನನ್ನ ಸೀರಿಗೆ ನಸುಗುನ್ನಿ ಪುಡಿ ಹಾಕ್ತಾಳ್ರಿ," ಅಂದಳು ಅತ್ತೆ, ಸೊಸೆಯ ಕಡೆ ಬೆರಳು ತೋರಿಸಿ.

ನಸುಗುನ್ನಿ ಕಾಡಿನ ಒಂದು ಬಳ್ಳಿಯ ಕಾಯಿ. ಅದರ ರೋಮ ಮೈಗೆ ತಾಗಿದರೆ ತುರಿಸಿ ತುರಿಸಿ ಪ್ರಾಣ ಹೋಗುತ್ತದೆ. ಅತ್ತೆ ಸೀರೆಗಳನ್ನೆಲ್ಲ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಳು, ತಾನೇ ಒಗೆದುಕೊಳ್ಳುತ್ತಿದ್ದಳು, ಒಣಗುವ ತನಕ ಎದುರಿಗೆ ಕಾವಲು ಕೂರುತ್ತಿದ್ದಳು. ಆದರೂ ತುರಿಕೆ ನಿಂತಿರಲಿಲ್ಲ. ಕುದಿಕುದಿ ನೀರು ಸುರಿದುಕೊಂಡರೆ ಒಂದು ಗಳಿಗೆ ಹಿತ, ಆಮೇಲೆ ಇನ್ನೂ ಜೋರು. ಮಗ ಬೇರೆ ಮನೆ ಮಾಡುವ ಮಾತಿಗೆ ಬಂದಿದ್ದ.

"ನೀರಡಿಕೆ ಹೆಂಗಿದೆ?" ಡಾಕ್ಟರು ಕೇಳಿದರು.

"ತಂಬಿಗಿಗಟ್ಟಲೆ ಕುಡಿದ್ರೂ ಬಾಯಿ ಒಣಗತೈತ್ರಿ."

ನಾನು ಕಾಸಿದೆ. ಅತ್ತೆ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ನೀಲಿ ಹಸಿರಾಯಿತು, ಹಳದಿಯಾಯಿತು, ಕೆಂಪಾಯಿತು. ಡಾಕ್ಟರು ವಿವರಿಸಿದರು: ಇದು ಸಕ್ಕರೆ ಕಾಯಿಲೆ, ಚರ್ಮ ಒಣಗಿದ್ದು ಅದರಿಂದ, ಬಿಸಿನೀರಿನಿಂದ ಇನ್ನಷ್ಟು ಒಣಗಿದೆ, ಉಗುರುಬೆಚ್ಚಗಿನ ನೀರಲ್ಲಿ ಮಿಂದು, ಮೈ ಒರೆಸಿದ ಕೂಡಲೇ ಎಣ್ಣೆ ಹಚ್ಚಿಕೊಳ್ಳಬೇಕು. ಸೊಸೆ ಸೆರಗು ಬಾಯಿಗೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಮುಂದೆ ಅತ್ತೆಯ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದವಳೂ ಅವಳೇ. ಆದರೆ ಅವತ್ತು ಅತ್ತೆಗೆ ಅದನ್ನು ನುಂಗಿಕೊಳ್ಳುವುದು ಕಷ್ಟವಾಯಿತು.

"ಹಂಗಾರ ಈಕಿ ಏನೂ ಮಾಡಿಲ್ಲೇನ್ರಿ?"

"ಏನೂ ಮಾಡಿಲ್ಲಮ್ಮ."

"ಒಂಚೂರೂ?"

"ಒಂಚೂರೂ ಇಲ್ಲ."

ಅತ್ತೆ ನನ್ನ ಕಡೆ ತಿರುಗಿ, "ತಮ್ಮಾ, ಇನ್ನೊಮ್ಮೆ ಕಾಸಿ ನೋಡಪಾ," ಅಂದಳು.

ರೇಡಿಯೇಟರ್

ಯಲ್ಲಾಪುರದಲ್ಲಿ ಒಬ್ಬ ಮರದ ದಿಮ್ಮಿ ಸಾಗಿಸುವ ನಾಟಾ ಲಾರಿಯ ಡ್ರೈವರ್. ಮೊಣಕಾಲ ಕೆಳಗೆ ಚರ್ಮ ಮೀನಿನ ಹುರುಪೆಯ ಹಾಗೆ ಎದ್ದಿತ್ತು. ಅರಬೈಲ್ ಘಾಟಿ ಇಳಿಯುವಾಗ ತುರಿಕೆ ಬಂತಂತೆ. ಬ್ರೇಕ್ ಮೇಲಿದ್ದ ಕಾಲನ್ನು ಇನ್ನೊಂದು ಕಾಲಿನಿಂದ ತುರಿಸಲು ಹೋಗಿ, ಲಾರಿ ಅಂಚಿನ ಕಲ್ಲಿಗೆ ತಾಗಿ ನಿಂತಿತ್ತು. ಅಲ್ಲಿಂದ ಸೀದಾ ಬಂದಿದ್ದ.

ಪರೀಕ್ಷೆಯಲ್ಲಿ ಸಕ್ಕರೆ ಕಂಡಿತು. ರಕ್ತ, ಮೂತ್ರ ಅಂತ ಡಾಕ್ಟರು ಎಷ್ಟು ಹೇಳಿದರೂ ಅವನ ತಲೆಗೆ ಹೋಗಲಿಲ್ಲ. ಕೊನೆಗೆ, "ರೇಡಿಯೇಟರಿನ ನೀರು ಸೋರಿ ಹೋದರೆ ಗಾಡಿ ಏನಾಗ್ತದೆ?" ಅಂದರು.

"ಕಾಯ್ತದೆ ಸಾರ್."

"ನಿನ್ನದೂ ಹಾಗೇ ಸೋರ್ತಾ ಇದೆ."

ತಕ್ಷಣ ಅರ್ಥವಾಯಿತು. ಮಾತ್ರೆ ತಪ್ಪಿಸಲಿಲ್ಲ, ಮುಲಾಮು ತಪ್ಪಿಸಲಿಲ್ಲ, ಕಾಲು ಗುಣವಾಯಿತು. ಹೋದ ಹೋದ ಚಹಾದಂಗಡಿಯಲ್ಲಿ, ನಮ್ಮ ಡಾಕ್ಟರು ರೇಡಿಯೇಟರ್ ಸೋರುವುದನ್ನು ನಿಲ್ಲಿಸಿದರು ಅಂತ ಹೊಗಳಿದ.

ಒಂದು ಶುಕ್ರವಾರ ದವಾಖಾನೆಯ ಎದುರು ಹುಬ್ಬಳ್ಳಿ ಕಡೆಯ ಲಾರಿ ಬಂದು ನಿಂತಿತು, ಬಾನೆಟ್ಟಿನಿಂದ ಹಬೆ ಏಳುತ್ತಿತ್ತು. ಡ್ರೈವರ್ ಇಳಿದು ಬಂದು, "ರೇಡಿಯೇಟರ್ ಡಾಕ್ಟ್ರು ಇಲ್ಲೇ ಅದಾರೇನ್ರಿ?" ಅಂತ ಕೇಳಿದ. ಕೇಳುತ್ತಲೇ ಮೊಣಕೈ ಪರಪರ ಕೆರೆದುಕೊಂಡ. ಡಾಕ್ಟರು ಅವನನ್ನು ಒಳಗೆ ಕರೆದು ಕೂರಿಸಿದರು.

ಲಾರಿಯದೂ ಸೋರುತ್ತಿತ್ತು, ಅವನದೂ ಸೋರುತ್ತಿತ್ತು.

ಮೇಷ್ಟ್ರ ಹಿಮ್ಮಡಿ

ಇದು ಸಿದ್ದಾಪುರದ್ದು, ಎರಡು ಸಾವಿರದ ಇಸವಿ ದಾಟಿದ ಮೇಲಿನದು. ನಿವೃತ್ತ ಮೇಷ್ಟ್ರೊಬ್ಬರನ್ನು ಅವರ ಹೆಂಡತಿ ಬಲವಂತದಿಂದ ಕರೆತಂದಿದ್ದರು. ಮೇಷ್ಟ್ರಿಗೆ ಸಕ್ಕರೆ ಕಾಯಿಲೆ ಇದ್ದದ್ದು ಹಳೆಯ ಸುದ್ದಿ. ಮಾತ್ರೆ ಮಾತ್ರ ನೆನಪಾದ ದಿನ. ಎರಡೂ ಹಿಮ್ಮಡಿ ಒಣಗಿ ಆಳವಾಗಿ ಒಡೆದಿದ್ದವು.

"ಚಾದರೆಲ್ಲ ಹರದು ಹೋತು ಡಾಕ್ಟ್ರೆ, ಇವರ ಹಿಮ್ಮಡಿಗೆ ಸಿಕ್ಕಿ," ಅಂದರು ಆ ಅಮ್ಮ.

"ಯಂಗೆ ಎಂತ ತೊಂದ್ರೆನೂ ಇಲ್ಲೆ. ಒಂಚೂರೂ ನೋವಿಲ್ಲೆ," ಅಂದರು ಮೇಷ್ಟ್ರು.

"ಅದೇ ತೊಂದರೆ ಮೇಷ್ಟ್ರೇ," ಅಂದರು ಡಾಕ್ಟರು. "ಸಕ್ಕರೆ ಕಾಲಿನ ನರ ಕೆಡಿಸ್ತದೆ. ನರ ಕೆಟ್ಟರೆ ಬೆವರು ಬರೋದಿಲ್ಲ, ಕಾಲು ಒಣಗಿ ಒಡೀತದೆ. ಒಡೆದದ್ದು ಗೊತ್ತೂ ಆಗೋದಿಲ್ಲ."

ಕಾಲನ್ನು ಸ್ಟೂಲಿನ ಮೇಲೆ ಇಡಿಸಿ ಟಾರ್ಚ್ ಬಿಟ್ಟರು. ಎಡ ಹಿಮ್ಮಡಿಯ ಬಿರುಕಿನೊಳಗೆ ಏನೋ ಮಿನುಗಿತು. ಚಿಮಟ ಕೇಳಿದರು, ಕೊಟ್ಟೆ. ನಿಧಾನಕ್ಕೆ ಎಳೆದರು. ಕೀವು ಮೆತ್ತಿದ ಸಣ್ಣದೊಂದು ವಸ್ತು ಬಂತು. ಸ್ಪಿರಿಟಿನಲ್ಲಿ ತೊಳೆದರೆ ಬಿಳಿ ಹರಳು ಫಳಫಳ ಅಂದಿತು.

ಅಮ್ಮನ ಕೈ ತಟ್ಟನೆ ಬರಿ ಮೂಗಿಗೆ ಹೋಯಿತು. "ಅಯ್ಯೋ, ಯನ್ನ ಮೂಗುತಿ!"

ಐದು ದಿನದ ಹಿಂದೆ ಅದು ಬಿದ್ದುಹೋಗಿತ್ತಂತೆ. ತಾಯಿ ಕೊಟ್ಟದ್ದು. ಕಸದ ರಾಶಿ ಜಾಲಿಸಿ, ಬಚ್ಚಲ ಕಾಲುವೆ ಬಗೆದು, ಸಿಗದೆ ಅತ್ತಿದ್ದರು. ಮೇಷ್ಟ್ರು ಸಮಾಧಾನ ಹೇಳಿದ್ದರು: "ಎಲ್ಲಿಗೆ ಹೋಗ್ತು? ಮನೆಯೊಳಗೇ ಎಲ್ಲಾದ್ರೂ ಓಡಾಡ್ತಾ ಇರ್ತು." ಹಾಗೆ ಹೇಳಿ, ಅದರ ಮೇಲೆಯೇ ಐದು ದಿನ ಪೇಟೆಗೂ ಗ್ರಂಥಾಲಯಕ್ಕೂ ಹೋಗಿ ಬಂದಿದ್ದರು.

ಡಾಕ್ಟರು ನಗಲಿಲ್ಲ. "ಇನ್ನೊಂದು ವಾರ ಬಿಟ್ಟಿದ್ದರೆ ಕಾಲಿನ ಕಥೆ ಬೇರೆ ಇತ್ತು," ಅಂದರು. ಮೇಷ್ಟ್ರ ಮುಖ ಬಿಳಿಚಿತು. ಅಮ್ಮ ಮೂಗುತಿಯನ್ನು ಅಲ್ಲೇ ತಟ್ಟೆಯಲ್ಲಿ ಬಿಟ್ಟು ಗಂಡನ ಕೈ ಹಿಡಿದುಕೊಂಡರು. "ಕಾಲು ಉಳೀತಲ್ದಾ ಡಾಕ್ಟ್ರೆ? ಮೂಗುತಿ ಹೋದ್ರೆ ಹೋಗ್ತಿತ್ತು."

ಕಾಲು ಉಳಿಯಿತು. ಎರಡು ತಿಂಗಳು ಡ್ರೆಸ್ಸಿಂಗ್ ಆಯಿತು. ಮಾತ್ರೆ ತಪ್ಪಿಸಬಾರದು, ಮನೆಯೊಳಗೂ ಚಪ್ಪಲಿ ಬೇಕು, ಹಿಮ್ಮಡಿಗೆ ಎಣ್ಣೆ ಹಚ್ಚಬೇಕು ಆದರೆ ಬೆರಳ ಸಂದಿಗೆ ಬೇಡ, ಪಾದವನ್ನು ದಿನಾ ನೋಡಿಕೊಳ್ಳಬೇಕು ಅಂತ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಕೊನೆಯ ಮಂಗಳವಾರ ಪಟ್ಟಿ ಬಿಚ್ಚುತ್ತಾ ನಾನು ಕೇಳಿದೆ, "ಪಾದ ದಿನಾ ನೋಡ್ಕೊಳ್ತೀರಾ ಮೇಷ್ಟ್ರೇ?"

"ಆನು ನೋಡೋದೇ ಬ್ಯಾಡ ತಮಾ," ಅಂದರು. "ನಿನ್ನೆ ಕಪಾಟಿನ ಬೀಗದ ಕೈ ಕಾಣ್ತಿಲ್ಲೆ ಹೇಳಿ, ಇವಳು ಮೊದ್ಲು ಹುಡುಕಿದ್ದೇ ಯನ್ನ ಹಿಮ್ಮಡೀಲಿ."